ಬನದಿಂದ ಕಾಂಡ್ಲಕ್ಕೆ ಒಂದು ದಾರಿ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉದ್ಯಾವರ ದಾಟುವವರಿಗೆ ಕಾಡು ಎನ್ನುವಂಥದ್ದು ಏನೂ ಕಾಣುವುದಿಲ್ಲ. ಪಡುವಣಕ್ಕೆ ಹೊಳೆ, ಅದರಾಚೆ ತೆಂಗು, ಅದರಾಚೆ ಕಡಲು. ಮೂಡಣಕ್ಕೆ ಮನೆ, ಅಂಗಡಿ, ಬೈಲು, ಗುಡ್ಡೆ. ಆದರೆ ಮನೆಗಳ ನಡುವೆ ಅಲ್ಲಲ್ಲಿ ಒಂದು ಹಿಡಿ ದೊಡ್ಡ ಮರಗಳು ತಲೆ ಎತ್ತಿ ನಿಂತಿರುತ್ತವೆ. ಅಲ್ಲೊಂದು ನಾಗಬನವೋ ದೈವದ ಹಾಡಿಯೋ ಇದೆ ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕತ್ತಲಾದ ಮೇಲೆ ಆ ಮರಗಳಿಂದ ಪುನುಗು ಬೆಕ್ಕು ಇಳಿಯುತ್ತದೆ. ಹಗಲಲ್ಲಿ ಉಡ, ಮುಂಗುಸಿ, ಕೆಂಬೂತ, ಗೋಳಿಹಣ್ಣಿನ ಕಾಲಕ್ಕೆ ಮಂಗಟ್ಟೆ.

ಆ ಪುನುಗು ಬೆಕ್ಕು ಇವತ್ತು ರಾತ್ರಿ ಬನದಿಂದ ಹೊರಟು ಹೊಳೆಯ ದಂಡೆ ಮುಟ್ಟಬೇಕು ಎಂದಿಟ್ಟುಕೊಳ್ಳಿ. ಮೂವತ್ತು ವರ್ಷದ ಹಿಂದೆ ಅದಕ್ಕೆ ಬೇಲಿಯ ಸಾಲಿತ್ತು, ತೋಡಿನ ಅಂಚಿನ ಕೇದಿಗೆಯ ಪೊದೆಯಿತ್ತು, ಬೈಲಿನ ಬದುವಿತ್ತು. ಇಂದು ಆರಡಿಯ ಆವರಣ ಗೋಡೆ, ಇಂಟರ್‌ಲಾಕ್ ಹಾಸಿದ ಅಂಗಳ, ಕಾಂಕ್ರೀಟು ಕಟ್ಟಿದ ತೋಡು, ನಾಲ್ಕು ಪಥದ ರಸ್ತೆ. ಬನ ಅಲ್ಲೇ ಇದೆ, ಹೊಳೆ ಅಲ್ಲೇ ಇದೆ. ನಡುವಿನ ದಾರಿ ಹೋಗಿದೆ. ಅದನ್ನು ಮತ್ತೆ ಕೂಡಿಸುವ ಕೆಲಸ ಯಾವ ಒಂದು ಇಲಾಖೆಯಿಂದಲೂ ಆಗದು, ಏಕೆಂದರೆ ದಾರಿ ಹಾದುಹೋಗುವುದು ಹತ್ತಿಪ್ಪತ್ತು ಮನೆಗಳ ಹಿತ್ತಿಲಿನಲ್ಲಿ. ಇದು ನೆರೆಕರೆಯವರು ಕೂತು ಮಾತಾಡಿ ಮಾಡಬೇಕಾದ ಕೆಲಸ. ಹೇಗೆ ಮಾಡುವುದು ಎಂಬುದನ್ನು ಬನದಿಂದಲೇ ಶುರುಮಾಡಿ ನೋಡೋಣ.

ಅದಕ್ಕೂ ಮುನ್ನ ಹಾಡಿಗಳು ಇಷ್ಟು ಕಾಲ ಉಳಿದದ್ದು ಹೇಗೆ ಎಂಬುದನ್ನು ತಿಳಿದಿರಬೇಕು. ಭಯಭಕ್ತಿ ಒಂದು ಕಾರಣ, ನಿಜ. ಇನ್ನೊಂದು ಕಾರಣ ಕುಮ್ಕಿ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತರುವ ಸವಲತ್ತು ಕೃಷಿಕನಿಗಿತ್ತು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಉಳಿಸಿಕೊಂಡಿತು. ಹಟ್ಟಿಗೆ ಸೊಪ್ಪು ಬೇಕು, ಗದ್ದೆಗೆ ಗೊಬ್ಬರ ಬೇಕು, ಆದ್ದರಿಂದ ಗುಡ್ಡೆಯ ಹಾಡಿ ಬೇಕು. ಹಟ್ಟಿ ಖಾಲಿಯಾಯಿತು, ಅಡುಗೆಗೆ ಗ್ಯಾಸ್ ಬಂತು, ಬೆಟ್ಟು ಗದ್ದೆಗಳು ಹಡಿಲು ಬಿದ್ದವು. ಬೇಡವಾದ ಹಾಡಿಗೆ ಕಾವಲಿಲ್ಲ. ಎಂಬತ್ತರ ದಶಕದಿಂದ ಅದೇ ಗುಡ್ಡೆಗಳಿಗೆ ಅಕೇಶಿಯಾ ಬಂತು. ನೆರಳು ಕೊಟ್ಟಿತು, ಕಟ್ಟಿಗೆ ಕೊಟ್ಟಿತು. ಆದರೆ ಅದರ ಎಲೆ ಬಿದ್ದ ದಪ್ಪ ಹಾಸಿನ ಕೆಳಗೆ ನಮ್ಮ ಕುಂಟನೇರಳೆ, ಕೇಪಳ ಮೇಲೇಳಲು ಒದ್ದಾಡಿದವು. ಹಾಗಾಗಿ ಇಲ್ಲಿ ಕಾಡನ್ನು ಮರಳಿ ತರುವುದೆಂದರೆ ಊರಿಗೂ ಹಾಡಿಗೂ ಮತ್ತೆ ಒಂದು ಕೊಡುಕೊಳೆ ಹುಟ್ಟಿಸುವುದು. ಮೂಡೆಯ ಎಲೆಗೋ ಪುನರ್ಪುಳಿಗೋ ಆಟಿಯ ಕಷಾಯಕ್ಕೋ ಜನ ಹಾಡಿಯ ಕಡೆ ಹೋಗುವಂತಾಗಬೇಕು.

ಬನದ ನೆಲ

ಮೂಲಬನವೊಂದರ ಇತ್ತೀಚಿನ ಕಥೆ ಬಹುತೇಕ ಒಂದೇ ತರಹ ಇರುತ್ತದೆ. ಕುಟುಂಬ ಮುಂಬಯಿ, ಬೆಂಗಳೂರು, ದುಬಾಯಿಗೆ ಹಂಚಿಹೋಗಿದೆ. ವರ್ಷಕ್ಕೊಮ್ಮೆ ತನು ಎರೆಯಲು ಬರುವಾಗ ಬನದೊಳಗೆ ಬಳ್ಳಿ, ಮುಳ್ಳು, ತರಗೆಲೆ. ಬೇರು ನಾಗನ ಕಲ್ಲನ್ನು ಓರೆ ಮಾಡಿದೆ. ಪುನಃಪ್ರತಿಷ್ಠೆಗೆ ಹಣ ಕೂಡುತ್ತದೆ, ಒಳ್ಳೆಯ ಮನಸ್ಸಿನಿಂದಲೇ. ಮರ ಕಡಿದು ಕಟ್ಟೆ, ಕಟ್ಟೆಯ ಸುತ್ತ ಹಾಸುಗಲ್ಲು, ಹಾಸುಗಲ್ಲಿನ ಸುತ್ತ ಗೋಡೆ. ಭಕ್ತಿಗೆ ಕೊರತೆಯಿಲ್ಲ, ಬನ ಮಾತ್ರ ಇಲ್ಲ.

ಇದನ್ನು ಸರಿಪಡಿಸಲು ಕಟ್ಟೆ ಒಡೆಯಬೇಕಾಗಿಲ್ಲ, ಪ್ರತಿಷ್ಠೆ ಆದ ಕಲ್ಲನ್ನು ಮುಟ್ಟಬೇಕಾಗಿಯೂ ಇಲ್ಲ. ಕಟ್ಟೆ ಇದ್ದಂತೆ ಇರಲಿ. ಅದಕ್ಕೆ ಹೋಗುವ ಒಂದು ಕಾಲುದಾರಿ, ನಿಲ್ಲಲು ಬೇಕಾದಷ್ಟು ಜಾಗ ಬಿಟ್ಟು ಉಳಿದ ಹಾಸನ್ನು ಎಬ್ಬಿಸಬೇಕು. ಮಳೆನೀರು ನೆಲಕ್ಕಿಳಿಯಲು ಶುರುವಾದರೆ ಅರ್ಧ ಕೆಲಸ ಆದಂತೆ. ಕುಟುಂಬದ ಹಿರಿಯರು, ತಂತ್ರಿಗಳು, ಆ ಜಾಗದ ಈಗಿನ ಖಾತೆದಾರರು ಒಟ್ಟಿಗೆ ಕೂತು ಒಪ್ಪಿಕೊಂಡ ಮೇಲೆಯೇ ಹಾರೆ ಹಿಡಿಯಬೇಕು. ಈ ಮಾತುಕತೆಗೆ ಒಂದು ವರ್ಷ ಹಿಡಿದರೂ ನಷ್ಟವಿಲ್ಲ. ಒಪ್ಪಿಗೆಯಿಲ್ಲದೆ ನೆಟ್ಟ ಗಿಡವನ್ನು ಮುಂದಿನ ವರ್ಷದ ಸ್ವಚ್ಛತೆಯಲ್ಲಿ ಯಾರೋ ಕತ್ತರಿಸಿಬಿಡುತ್ತಾರೆ.

ಎರಡನೆಯದು ನೋಡುವ ಕೆಲಸ. ಒಂದು ಮಳೆಗಾಲ ಏನನ್ನೂ ನೆಡದೆ, ತರಗೆಲೆ ಗುಡಿಸದೆ, ಸುಡದೆ ಬಿಟ್ಟು, ತಾನಾಗಿ ಏನು ಮೊಳೆಯುತ್ತದೆ ಎಂದು ಗುರುತು ಹಾಕಬೇಕು. ಹಳೆಯ ಬನವಾದರೆ ನೆಲದಲ್ಲೇ ಬೀಜ ಇರುತ್ತದೆ. ರೆಂಜೆ, ಸುರಗಿ, ಕಾಸರಕ, ಹಾಲೆ, ಬೈನೆ, ಒಳ್ಳೆಕೊಡಿ ಎದ್ದು ಬರುತ್ತವೆ. ಬೈನೆಯ ಬೀಜವನ್ನು ತಂದು ಹಾಕಿದ್ದು ಬಹುಶಃ ಅದೇ ಪುನುಗು ಬೆಕ್ಕು, ಆ ಹಣ್ಣು ಅದಕ್ಕೆ ಬಲು ಇಷ್ಟ. ಎದ್ದ ಪ್ರತಿ ಸಸಿಯ ಪಕ್ಕ ಒಂದು ಕೋಲು ಊರಿ ಬಣ್ಣದ ಬಟ್ಟೆ ಕಟ್ಟಿದರೆ ಕತ್ತಿ ಹಿಡಿದವರಿಗೆ ಗೊತ್ತಾಗುತ್ತದೆ. ಗಿಡದ ಗುರುತು ಸಿಗದಿದ್ದರೆ ಪೂರ್ಣಪ್ರಜ್ಞ ಕಾಲೇಜಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಡಾ. ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಹೊರತಂದ ‘ಫ್ಲೋರಾ ಆಫ್ ಉಡುಪಿ’ ಇದೆ. ಒಂದು ಜಿಲ್ಲೆಗೆ ಇಂಥ ಪುಸ್ತಕ ಇರುವುದೇ ಭಾಗ್ಯ. ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜು ಕೂಗಳತೆಯಲ್ಲಿದೆ, ಅಲ್ಲಿ ಮೂಲಿಕೆ ಬಲ್ಲವರಿದ್ದಾರೆ.

ಮೂರನೆಯದು ಕೀಳುವ ಕೆಲಸ. ನಾವು ಕಮ್ಯುನಿಸ್ಟ್ ಗಿಡ ಎನ್ನುವ ಕ್ರೋಮೊಲೀನಾ, ಮರದ ಮೇಲೆ ಹೊದಿಕೆ ಎಳೆಯುವ ಮಿಕಾನಿಯಾ ಬಳ್ಳಿ, ಲಂಟಾನ ಇವುಗಳನ್ನು ಹೂ ಬಿಡುವ ಮೊದಲೇ ಬೇರುಸಹಿತ ತೆಗೆಯಬೇಕು. ಅಕೇಶಿಯಾ ಇದ್ದರೆ ಒಮ್ಮೆಗೇ ಬೋಳಿಸಬಾರದು. ದಿಢೀರನೆ ಬಿಸಿಲು ಬಿದ್ದರೆ ಮೊದಲು ಓಡಿಬರುವುದು ಕಮ್ಯುನಿಸ್ಟ್ ಗಿಡವೇ. ಈ ವರ್ಷ ಎರಡು ಮರ, ಆ ಬಿಡುವಿನಲ್ಲಿ ಸಸಿಗಳು ಭುಜದೆತ್ತರ ಬಂದ ಮೇಲೆ ಇನ್ನೆರಡು.

ನೆಡುವುದು ಕೊನೆಗೆ, ಅದೂ ತಾನಾಗಿ ಬಾರದ್ದನ್ನು ಮಾತ್ರ. 1983ರಲ್ಲಿ ಶಿರಸಿಯ ಸಾಲ್ಕಣಿಯಿಂದ ಹೊರಟ ಅಪ್ಪಿಕೋ ಚಳವಳಿ ಮೂರು ಮಾತು ಕೊಟ್ಟಿತ್ತು: ಉಳಿಸು, ಬೆಳೆಸು, ಬಳಸು. ಆ ಮಾತುಗಳ ಅನುಕ್ರಮವೇ ಕೆಲಸದ ಅನುಕ್ರಮ ಎಂದು ನನ್ನ ನಂಬಿಕೆ. ಪರಿಸರ ದಿನದಂದು ಫೋಟೋಕ್ಕೆ ನಿಂತು ನೆಟ್ಟ ಗಿಡಗಳಲ್ಲಿ ಎಷ್ಟು ಮುಂದಿನ ಬೇಸಿಗೆ ಕಂಡವು ಎಂದು ನೀವೇ ನಿಮ್ಮೂರಲ್ಲಿ ಎಣಿಸಿ ನೋಡಬಹುದು.

ಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕಿರಾಲ್‌ಬೋಗಿ ಮತ್ತು ಧೂಪ ಈ ಕರಾವಳಿಯ ಹಳೆಯ ಕಾಡಿನ ಮರಗಳು. ಅವುಗಳ ಬೀಜ ಮಳೆಗಾಲದ ಹೊಸ್ತಿಲಲ್ಲಿ ಉದುರುತ್ತದೆ, ಒಣಗಿದರೆ ಸಾಯುತ್ತದೆ. ಡಬ್ಬಿಯಲ್ಲಿ ತುಂಬಿ ಮುಂದಿನ ವರ್ಷಕ್ಕೆ ಇಡುವ ಭತ್ತದ ಲೆಕ್ಕ ಇಲ್ಲಿ ನಡೆಯದು. ಬಿದ್ದ ವಾರದೊಳಗೆ ಹೆಕ್ಕಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆರಳಿನ ಮಣ್ಣಿಗೆ ಹಾಕಿಬಿಡಬೇಕು. ಬೋಗಿಯ ಬೀಜಕ್ಕೆ ರೆಕ್ಕೆಯಿದ್ದರೂ ತಾಯಿಮರದಿಂದ ಹೆಚ್ಚು ದೂರ ಹೋಗುವುದಿಲ್ಲ. ನಡುವೆ ಮನೆಗಳಿರುವ ಕಡೆ ಒಂದು ಬನದಿಂದ ಇನ್ನೊಂದಕ್ಕೆ ಅದನ್ನು ಒಯ್ಯಬಲ್ಲವರು ಮನುಷ್ಯರು ಮಾತ್ರ. ಈ ಎರಡಕ್ಕೂ ಎಳವೆಯಲ್ಲಿ ನೆರಳು ಬೇಕು. ಆದ್ದರಿಂದ ಬರಿ ಬಯಲಾದ ಬನದಲ್ಲಿ ಮೊದಲು ಉಪ್ಪಳಿಗೆ, ಹೊಂಗೆ, ಹಾಲೆಯಂಥ ಬೇಗ ಬೆಳೆಯುವವು. ಮೂರ್ನಾಲ್ಕು ವರ್ಷದ ಬಳಿಕ ಅವುಗಳ ಮಡಿಲಲ್ಲಿ ಬೋಗಿ, ಧೂಪ, ನಾಗಸಂಪಿಗೆ, ಸುರಗಿ. ಹೊನ್ನೆಯ ಚಿಂತೆ ಅಷ್ಟಿಲ್ಲ, ಅದರ ಕಾಯನ್ನು ಬಾವಲಿಯೂ ಒಯ್ಯುತ್ತದೆ, ನೀರೂ ಒಯ್ಯುತ್ತದೆ.

ಗೋಳಿಮರವೊಂದು ಎಲ್ಲಕ್ಕಿಂತ ಹೆಚ್ಚು ದುಡಿಯುತ್ತದೆ. ಅದರ ದಪ್ಪ ಗೆಲ್ಲು ಕಡಿದು ಊರಿದರೂ ಚಿಗುರುತ್ತದೆ. ಎರಡು ಬನಗಳ ನಡುವೆ, ಶಾಲೆಯ ಮೈದಾನದ ಮೂಲೆಯಲ್ಲೋ ಗರಡಿಯ ಹಿಂದೆಯೋ ಒಂದು ಗೋಳಿ, ಒಂದು ಅತ್ತಿ ಇದ್ದರೆ ಹಕ್ಕಿಗಳಿಗೆ ಅದು ತಂಗುದಾಣ. ಪಿಕಳಾರ, ಕುಟ್ರು ಹಕ್ಕಿ, ಮಂಗಟ್ಟೆ ಅಲ್ಲಿ ಕೂತು ಬೇರೆ ಬನದಲ್ಲಿ ತಿಂದ ಹಣ್ಣಿನ ಬೀಜವನ್ನು ಉದುರಿಸುತ್ತವೆ. ಐದಾರು ಮಳೆಗಾಲ ಕಳೆದರೆ ಆ ಮರದ ಬುಡದಲ್ಲಿ ಯಾರೂ ನೆಡದ ಹತ್ತು ಜಾತಿಯ ಸಸಿಗಳು ಇರುತ್ತವೆ. ದಾರಿ ಕೂಡಿಸುವುದೆಂದರೆ ಉದ್ದಕ್ಕೂ ಮರ ನೆಟ್ಟು ಸಾಲು ಮಾಡಲೇಬೇಕೆಂದಿಲ್ಲ. ರೆಕ್ಕೆ ಇರುವವರಿಗೆ ಅಲ್ಲಲ್ಲಿ ಕಾಲಿಡಲು ಜಾಗ ಸಿಕ್ಕರೆ ಸಾಕು.

ಬೇಲಿ, ತೋಡು

ರೆಕ್ಕೆ ಇಲ್ಲದವರಿಗೆ ಬೇಲಿ ಬೇಕು. ಗೋಡೆ ಕಟ್ಟಿಸಿ ಆಗಿದ್ದರೆ ಅದರ ಬುಡದಲ್ಲಿ ಅಂಗೈ ಅಗಲದ ಕಿಂಡಿ ಬಿಡಬಹುದು. ಬ್ರಿಟನ್ನಿನಲ್ಲಿ 2011ರಿಂದ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿಗಾಗಿ ನೆರೆಹೊರೆಯವರು ತಮ್ಮ ತೋಟದ ಬೇಲಿಗಳಲ್ಲಿ 13 ಸೆಂಟಿಮೀಟರ್ ಚೌಕದ ಕಿಂಡಿ ತೆರೆಯುತ್ತಿದ್ದಾರೆ. ಒಬ್ಬರು ತೆರೆದರೆ ಉಪಯೋಗವಿಲ್ಲ, ಸಾಲು ಮನೆಗಳೆಲ್ಲ ತೆರೆದರೆ ಅದೊಂದು ಹೆದ್ದಾರಿ. ಕಪ್ಪೆ, ಆಮೆ, ಮುಂಗುಸಿ, ಎಳೆಯ ಉಡಕ್ಕೆ ನಮ್ಮಲ್ಲೂ ಅಷ್ಟು ಸಾಕು. ಹಾವು ಬರುತ್ತದೆ ಎಂಬ ಭಯ ಸಹಜ. ಹಾವಿಗೆ ಗೇಟಿನ ಅಡಿ ಈಗಲೂ ತೆರೆದೇ ಇದೆ, ಹಾವು ತಿನ್ನುವ ಮುಂಗುಸಿಗೆ ಮಾತ್ರ ನಾವು ಬಾಗಿಲು ಹಾಕಿದ್ದೇವೆ.

ಗೋಡೆ ಕಟ್ಟದವರು ದಾಸವಾಳ, ಕೇಪಳ, ಲಕ್ಕಿ, ಕರಿಬೇವು ಬೆರೆಸಿ ಜೀವಂತ ಬೇಲಿ ಮಾಡಲಿ. ಅದರ ಮೇಲೆ ಒಂದು ಈಶ್ವರಿ ಬಳ್ಳಿ ಹಬ್ಬಿಸಿದರೆ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬಂದು ಮೊಟ್ಟೆಯಿಡಬಹುದು, ಅದರ ಮರಿಹುಳು ತಿನ್ನುವುದು ಆ ಜಾತಿಯ ಬಳ್ಳಿಯನ್ನೇ. ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು 2013ರಲ್ಲಿ ತೆರೆದ ಚಿಟ್ಟೆ ಪಾರ್ಕ್ ನಿಂತಿರುವುದು ಈ ಒಂದು ತಿಳಿವಿನ ಮೇಲೆ. ಬಲೆಯಿಲ್ಲ, ಗಾಜಿನ ಮನೆಯಿಲ್ಲ. ಏಳು ಎಕರೆ ಜಾಗದಲ್ಲಿ ಚಿಟ್ಟೆಗಳಿಗೆ ಬೇಕಾದ ಆಹಾರ ಸಸ್ಯ ಬೆಳೆಸಿದರು, ಚಿಟ್ಟೆಗಳು ತಾವೇ ಬಂದವು.

ತೋಡಿನ ವಿಚಾರಕ್ಕೆ ಬಂದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಮೊದಲ ಮಳೆಗೆ ಹೊಳೆಯಿಂದ ಬೈಲಿಗೆ ಮೀನು ಹತ್ತುವುದು, ಊರವರು ರಾತ್ರಿ ದೀಪ ಹಿಡಿದು ಉಬರಿಗೆ, ಅಂದರೆ ಆ ಮೀನು ಹಿಡಿಯಲು, ಹೋಗುವುದು ಈಗಿನ ಹಿರಿಯರೆಲ್ಲ ಕಂಡದ್ದು. ಮೀನು ಹತ್ತುವುದು ಗದ್ದೆಯ ತೆಳು ನೀರಿನಲ್ಲಿ ಮೊಟ್ಟೆಯಿಡಲು. ಎರಡೂ ಬದಿ ಕಾಂಕ್ರೀಟು ಎಬ್ಬಿಸಿ, ತಳಕ್ಕೂ ಸಿಮೆಂಟು ಹಾಕಿ, ನಡುವೆ ಎರಡಡಿಯ ಮೆಟ್ಟಿಲು ಮಾಡಿದರೆ ಮೀನಿಗೆ ಅಲ್ಲಿಗೇ ದಾರಿ ಮುಗಿಯಿತು. ಕೊರೆತ ಇರುವ ತಿರುವಿನಲ್ಲಿ ತಡೆಗೋಡೆ ಬೇಕಾಗಬಹುದು, ಉದ್ದಕ್ಕೂ ಬೇಡ. ಉಳಿದ ಕಡೆ ಕೇದಿಗೆಯ ಬೇರು ಮಣ್ಣನ್ನು ಗಟ್ಟಿಯಾಗಿ ಹಿಡಿಯುತ್ತದೆ. ತುಳುವಿನ ಮುಂಡೇವು ಅದೇ. ಅಷ್ಟಮಿಗೆ ಮೂಡೆ ಕಟ್ಟಲು ಎಲೆ ಎಲ್ಲಿ ಸಿಗುತ್ತದೆ ಎಂದು ಪೇಟೆಯಲ್ಲಿ ಹುಡುಕುವವರು ತಮ್ಮ ತೋಡಿನ ಅಂಚಿಗೆ ನಾಲ್ಕು ಮುಂಡೇವು ಊರಿದರೆ ಎಲೆಯೂ ಸಿಕ್ಕಿತು, ದಂಡೆಯೂ ಉಳಿಯಿತು, ಹುಂಡುಕೋಳಿಯ ಗೂಡಿಗೂ ಜಾಗವಾಯಿತು. ಜೊತೆಗೆ ಹೊಂಗೆ, ಹೊನ್ನೆ, ಸಮುದ್ರಫಲ.

ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮುಂಗಾರಿನ ಮೊದಲ ಜಡಿಮಳೆಗೆ ಮುನ್ನವೇ ತೆಗೆಯಬೇಕು. ತಡವಾದರೆ ಮೀನು ಹತ್ತುವ ಹೊತ್ತು ತಪ್ಪುತ್ತದೆ. ಅಣೆಕಟ್ಟಿನ ಒಂದು ಕಿಂಡಿಯ ಕೆಳಗೆ ಕಲ್ಲು ಪೇರಿಸಿ ಇಳಿಜಾರು ಮಾಡಿದರೆ ಇನ್ನೂ ಒಳ್ಳೆಯದು. ಖರ್ಚು ಒಂದು ಟೆಂಪೋ ಕಲ್ಲು, ಒಂದು ದಿನದ ಶ್ರಮದಾನ. ಉಬರ್ ಹಿಡಿಯುವವರೂ ಒಂದು ಕಟ್ಟು ಮಾಡಿಕೊಳ್ಳಲಿ. ಹತ್ತುವ ಮೀನಿನ ಹೊಟ್ಟೆಯಲ್ಲಿ ಮುಂದಿನ ವರ್ಷದ ಮೀನಿದೆ.

ಕೆಸರಿನ ಕಾಡು

ಉದ್ಯಾವರ ಹೊಳೆ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಮಟ್ಟು, ಪಡುಕೆರೆಯ ಮರಳ ಪಟ್ಟಿಯನ್ನು ಎಡಕ್ಕೆ ಇಟ್ಟುಕೊಂಡು ಕಡಲಿಗೆ ಸಮನಾಗಿ ಉತ್ತರಕ್ಕೆ ಹರಿದು ಮಲ್ಪೆಯಲ್ಲಿ ಸೇರುತ್ತದೆ. ಹಾಗಾಗಿ ಉಬ್ಬರದ ಉಪ್ಪುನೀರು ಒಳನಾಡಿನವರೆಗೆ ಬಂದು ಹೋಗುತ್ತದೆ, ದಂಡೆಯ ಕೆಸರಿನಲ್ಲಿ ಕಾಂಡ್ಲ, ಅಂದರೆ ಮ್ಯಾಂಗ್ರೋವ್, ಬೆಳೆಯುತ್ತದೆ. ಏಡಿ, ಸಿಗಡಿ, ಕಾನೆ ಮರಿಗಳಿಗೆ ಅದರ ಬೇರಿನ ನಡುವೆ ಆಸರೆ.

ಕಾಂಡ್ಲ ನೆಡುವುದು ಸುಲಭ ಎಂಬುದೇ ಅಪಾಯ. ರೈಜೊಫೊರಾ ಜಾತಿಯ ಕಾಂಡ್ಲದ ಉದ್ದನೆಯ ಕೋಡು ಮರದಲ್ಲಿರುವಾಗಲೇ ಮೊಳೆತಿರುತ್ತದೆ, ಕೆಸರಿಗೆ ಚುಚ್ಚಿದರೆ ಆಯಿತು. ಅದಕ್ಕೇ ಜನ ಎಲ್ಲೆಂದರಲ್ಲಿ ಚುಚ್ಚುತ್ತಾರೆ. ಶ್ರೀಲಂಕಾದಲ್ಲಿ 2004ರ ಸುನಾಮಿಯ ಬಳಿಕ 23 ಕಡೆ ಸಾವಿರಕ್ಕೂ ಹೆಚ್ಚು ಹೆಕ್ಟೇರಿನಲ್ಲಿ ನೆಟ್ಟದ್ದನ್ನು ಆಮೇಲೆ ಹೋಗಿ ನೋಡಿದಾಗ ಬದುಕಿದ್ದು ಸುಮಾರು ಐದರಲ್ಲೊಂದು ಪಾಲು. 9 ಕಡೆ ಒಂದು ಗಿಡವೂ ಉಳಿದಿರಲಿಲ್ಲ. ತಪ್ಪು ಜಾಗ, ತಪ್ಪು ಎತ್ತರ. ಸದಾ ನೀರಲ್ಲಿ ಮುಳುಗುವ ಕೆಸರಿನಲ್ಲಿ ಕಾಂಡ್ಲದ ಬೇರು ಉಸಿರಾಡದು, ಉಬ್ಬರ ಮುಟ್ಟದ ಜಾಗದಲ್ಲಿ ಒಣಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಈ ಕೆಲಸಕ್ಕೆ ಹೊಸ ದಾರಿ ತೋರಿದ ರಾಬಿನ್ ಲೂಯಿಸ್ ಹೇಳಿದ್ದು ಸರಳ: ಮೊದಲು ನೀರಿನ ಓಡಾಟ ಸರಿಮಾಡಿ, ಬೀಜ ತಾನಾಗಿ ಬಂದು ಕೂರುತ್ತದೆಯೇ ನೋಡಿ, ಬಾರದಿದ್ದರೆ ಮಾತ್ರ ನೆಡಿ.

ನಮ್ಮ ಹೊಳೆಗೆ ಇದನ್ನು ಅನ್ವಯಿಸಿದರೆ ಕೆಲಸ ಹೀಗೆ. ಹಳೆಯ ಮಣ್ಣು ತುಂಬಿ ಮುಚ್ಚಿಹೋದ ಕಿರುಕಾಲುವೆ ಬಿಡಿಸಬೇಕು. ಗಿಡಗಳಿಗೆ ಸಿಕ್ಕಿಕೊಂಡ ಹರಿದ ಬಲೆ, ಪ್ಲಾಸ್ಟಿಕ್ ಬಿಡಿಸಬೇಕು. ಮರುವಾಯಿ ಹೆಕ್ಕುವ ಜಾಗ ಯಾವುದು, ದೋಣಿ ಓಡಾಡುವ ದಾರಿ ಯಾವುದು, ಬಲೆ ಬೀಸುವ ಜಾಗ ಯಾವುದು ಎಂದು ಹೊಳೆ ಮೀನುಗಾರರನ್ನು ಕರೆದುಕೊಂಡು ದೋಣಿಯಲ್ಲೇ ಹೋಗಿ ಗುರುತಿಸಬೇಕು. ಆ ಮೂರೂ ಜಾಗದಲ್ಲಿ ನೆಡಕೂಡದು. ಮರುವಾಯಿ ಹೆಕ್ಕಿ ಬದುಕುವ ಹೆಂಗಸರ ಅನ್ನ ಕಿತ್ತು ಕಾಡು ಬೆಳೆಸುವುದು ಸಂರಕ್ಷಣೆಯಲ್ಲ. ಉಳಿದ ಕಡೆ ಪಕ್ಕದಲ್ಲೇ ಚೆನ್ನಾಗಿ ನಿಂತಿರುವ ಕಾಂಡ್ಲದ ಬುಡದ ಮಟ್ಟವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಮುಟ್ಟಿದರೆ ಉದುರುವಷ್ಟು ಬಲಿತ ಕೋಡು ಮಾತ್ರ ಆರಿಸಿ, ಮಳೆಯ ರಭಸ ಇಳಿದ ಮೇಲೆ ಮೂರರಲ್ಲೊಂದು ಪಾಲು ಹೂಳಬೇಕು. ಒಂದೇ ಜಾತಿ ಬೇಡ, ಅವಿಸೇನಿಯಾ, ಸೊನ್ನರೇಷಿಯಾ ಕೂಡ ಈ ಹೊಳೆಯವೇ. ಅರಣ್ಯ ಇಲಾಖೆಯ ಒಪ್ಪಿಗೆ ಮೊದಲೇ ಬೇಕು. ಕಾನೂನೂ ಜೊತೆಗಿದೆ: 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲ ಕಾಡಿಗೆ ಸುತ್ತ 50 ಮೀಟರ್ ರಕ್ಷಣೆಯ ಅಂಚಿದೆ.

ನೆಡಬಾರದ ಜಾಗ

ಮಣಿಪಾಲದ ಗುಡ್ಡದ ಕಡೆ ನಡೆದರೆ ಮುರಕಲ್ಲಿನ ಬೋಳು ಪಾದೆಗಳು ಸಿಗುತ್ತವೆ. ಬೇಸಿಗೆಯಲ್ಲಿ ಕರ್ರಗೆ ಸುಟ್ಟಂತಿರುವ ಆ ಪಾದೆಗಳನ್ನು ಕಂಡು ಪಾಳು ಎಂದು ಬಗೆದು ಗಿಡ ನೆಡಲು ಹೊರಡುವವರಿದ್ದಾರೆ. ಮಾರ್ಚ್ 2016ರಲ್ಲಿ ಕೆ. ಎಸ್. ಶೇಷಾದ್ರಿ, ರಮಿತ್ ಸಿಂಗಲ್ ಮತ್ತು ಸಂಗಡಿಗರು ಇದೇ ಮಣಿಪಾಲದ ಸುತ್ತಿನ ಮುರಕಲ್ಲಿನಿಂದ ಒಂದು ಹೊಸ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದರು. ಸುಮಾರು 1.6 ಸೆಂಟಿಮೀಟರ್, ಹೆಬ್ಬೆರಳ ಉಗುರಿನಷ್ಟು. ಕೂಗು ಜೀರುಂಡೆಯಂತೆ, ಅದಕ್ಕೇ ಅಷ್ಟು ಕಾಲ ಯಾರ ಕಿವಿಗೂ ಕಪ್ಪೆಯೆಂದು ಕೇಳಲಿಲ್ಲ. ಕಲ್ಲಿನ ಹೆಸರನ್ನೇ ಅದಕ್ಕಿಟ್ಟರು: ಮೈಕ್ರೊಹೈಲಾ ಲ್ಯಾಟರೈಟ್. ಮಳೆಗಾಲದಲ್ಲಿ ಪಾದೆಯ ಗುಳಿಗಳಲ್ಲಿ ನಿಲ್ಲುವ ನೀರು, ಅದರ ಸುತ್ತಿನ ಹುಲ್ಲು, ಕೀಟ ಹಿಡಿಯುವ ಪುಟ್ಟ ಗಿಡಗಳು ಇವೆಲ್ಲ ಬಿಸಿಲು ಬೇಡುವ ಲೋಕ. ಅಲ್ಲಿ ಗುಂಡಿ ತೋಡಿ ಮಣ್ಣು ತುಂಬಿ ಮರ ಬೆಳೆಸಿದರೆ ಅದು ನಾಶವೇ. ಪಾದೆಯನ್ನು ಮರಳಿ ಪಡೆಯುವ ವಿಧಾನ ಇಷ್ಟೇ: ಕಲ್ಲು ಕೋರೆ ಆಗದಂತೆ, ಕಟ್ಟಡದ ಕಸ ಸುರಿಯದಂತೆ ಕಾಯುವುದು, ಅಂಚಿನ ಅಕೇಶಿಯಾ ಒಳಕ್ಕೆ ಹಬ್ಬದಂತೆ ಕೀಳುವುದು.

ಇಲ್ಲಿಂದ ಮೂಡಣಕ್ಕೆ ಕಾರ್ಕಳ, ಅದರಾಚೆ 600 ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಉದ್ಯಾವರದ ಬನಕ್ಕೆ ಬರುವ ಮಂಗಟ್ಟೆಗೆ ಘಟ್ಟದ ಕಾಡು ದೂರವೇನಲ್ಲ, ನಡುವಿನ ಪ್ರತಿ ಊರೂ ಒಂದೊಂದು ಗೋಳಿ, ಒಂದೊಂದು ಬನ ಉಳಿಸಿಕೊಂಡರೆ.

ಕಾಗದದ ಕೆಲಸವನ್ನೂ ಹೇಳಿಬಿಡುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿಗಳ ಜನತಾ ದಾಖಲಾತಿ ಇರಬೇಕು. ಗ್ರಾಮಸಭೆಯಲ್ಲಿ ಅದನ್ನು ಕೇಳಿ ಪಡೆದು ಓದಿ. ನಿಮ್ಮ ಬನ, ತೋಡು, ಪಾದೆ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಬರೆದು ಕೊಡಿ. ರಸ್ತೆಗೋ ಬಡಾವಣೆಗೋ ಜಾಗ ಹೋಗುವಾಗ ದಾಖಲೆಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಸ್ವಂತ ಜಮೀನಿನಲ್ಲಿ ನೆಡುವವರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಬದುಕಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ. ನೆಟ್ಟದ್ದಕ್ಕಲ್ಲ, ಬದುಕಿಸಿದ್ದಕ್ಕೆ ಹಣ ಎಂಬುದು ಅದರ ಒಳ್ಳೆಯ ಗುಣ. ಊರಿನ ಗುಂಪು ಇನ್ನೂ ಮುಂದೆ ಹೋಗಬಯಸಿದರೆ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾದ ಮಾದರಿ ಮುಂದಿದೆ. ಅಲ್ಲಿ ಹೆಜ್ಜಾರ್ಲೆಗಳು ಇಂದಿಗೂ ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ ಮರಗಳಲ್ಲೇ.

ಈ ಬಾರಿ ನಾಗರಪಂಚಮಿಗೆ ಮೂಲಬನಕ್ಕೆ ಹೋಗುತ್ತೀರಿ. ತನು ಎರೆದು ಪ್ರಸಾದ ಪಡೆದ ಮೇಲೆ ಕಾರು ಹತ್ತುವ ಅವಸರ ಮಾಡಬೇಡಿ. ಕಾಲು ಗಂಟೆ ಬನದ ನೆಲ ನೋಡಿ. ತರಗೆಲೆಯ ನಡುವೆ ಎಷ್ಟು ಎಳೆ ಸಸಿಗಳಿವೆ ಎಂದು ಮಕ್ಕಳ ಕೈಯಲ್ಲಿ ಎಣಿಸಿ, ಪ್ರತಿಯೊಂದಕ್ಕೂ ಒಂದು ಕೋಲು ಊರಿಸಿ. ಮುಂದಿನ ವರ್ಷ ಬಂದಾಗ ಮೊದಲು ಆ ಕೋಲುಗಳನ್ನು ಹುಡುಕಿ.